ಚಹಾದ ಹೊತ್ತಿನ ಪ್ರಶ್ನೆಗಳು

ಹೋದ ವಾರ ನಮ್ಮ ಮನೆಯ ಮಿಕ್ಸರ್ ಕೆಟ್ಟಿತು. ಧಾರವಾಡದಲ್ಲಿ ತೋರಿಸಿದರೆ ಹೊಸದೇ ತಗೊಳ್ರಿ ಅಂದರು. ಹಳೆಯದನ್ನು ಅಷ್ಟು ಸಲೀಸಾಗಿ ಬಿಟ್ಟುಕೊಡುವವಳು ನಾನಲ್ಲ. ಚೀಲದಲ್ಲಿ ಹಾಕಿಕೊಂಡು ಚಿಗರಿ ಬಸ್ಸು ಹತ್ತಿ ಹುಬ್ಬಳ್ಳಿಗೆ ಹೋದೆ. ಗೋಕುಲ ರಸ್ತೆಯಲ್ಲಿ ಒಬ್ಬ ರಿಪೇರಿಯವನಿದ್ದಾನೆ, ಯಾವ ಮಷಿನ್ ಕೊಟ್ಟರೂ ಇಲ್ಲ ಅನ್ನುವುದಿಲ್ಲ. ಅವನು ಮಿಕ್ಸರಿನ ಹೊಟ್ಟೆ ಬಿಚ್ಚಿ, ಅರಳೆಯನ್ನು ಸ್ಪಿರಿಟಿನಲ್ಲಿ ಅದ್ದಿ ಒಳಗಿನ ಮಸಿ ಒರೆಸತೊಡಗಿದ. ಹೊರಗೆ ಜಿಟಿಜಿಟಿ ಮಳೆ. ಪಕ್ಕದ ಗಾಡಿಯಲ್ಲಿ ಶುಂಠಿ ಹಾಕಿದ ಚಹಾ ಕುದಿಯುತ್ತಿತ್ತು. ಸ್ಪಿರಿಟು, ಮಳೆ, ಶುಂಠಿ ಮೂರೂ ಒಮ್ಮೆಲೇ ಮೂಗಿಗೆ ಬಡಿದವು. ಮುಂದೆ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಚಹಾ ಕುಡಿದು ಬರುತ್ತೇನೆ ಎಂದು ಹೊರಬಿದ್ದು, ಚಹಾ ಕುಡಿಯದೆ, ಮಳೆಯಲ್ಲಿ ಸುಮ್ಮನೆ ನಿಂತುಕೊಂಡೆ. ನನ್ನ ಅತ್ತೆಯ ನೆನಪು ಉಕ್ಕಿ ಬಂದಿತ್ತು.

ಅತ್ತೆಯನ್ನು ನೆನೆದು ಸೊಸೆ ನಡುರಸ್ತೆಯಲ್ಲಿ ಅತ್ತಳು ಎಂದರೆ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಯಾರೂ ನಂಬುವುದಿಲ್ಲ. ಅವರೊಂದಿಗೆ ಹುಬ್ಬಳ್ಳಿಗೆ ಓಡಾಡಿದ ಆ ಮಳೆಗಾಲಕ್ಕಿಂತ ಮೊದಲಾಗಿದ್ದರೆ ನಾನೂ ನಂಬುತ್ತಿರಲಿಲ್ಲ.

ಅವರ ಹೆಸರು ಕುಸುಮಾಬಾಯಿ. ಹೆಣ್ಣುಮಕ್ಕಳ ಸಾಲಿಯ ಮುಖ್ಯಾಧ್ಯಾಪಕಿಯಾಗಿ ನಿವೃತ್ತರಾದವರು. ಮಾಳಮಡ್ಡಿಯ ಅರ್ಧ ಓಣಿ ಅವರ ಕೈಯಲ್ಲಿ ಮಗ್ಗಿ ಕಲಿತದ್ದು, ಹಾಗಾಗಿ ಎಲ್ಲರಿಗೂ ಅವರು ‘ಬಾಯಾರು’. ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತೇನೆ. ಒಂದೇ ಮನೆಯಲ್ಲಿ ಇಬ್ಬರು ಮಾಸ್ತರಣಿಯರಿದ್ದರೆ ಏನಾಗುತ್ತದೆ ಎಂದು ಕಂಡವರಿಗೇ ಗೊತ್ತು. ಜಗಳ ಆಡುತ್ತಿರಲಿಲ್ಲ. ಜಗಳಕ್ಕೂ ಮಾತು ಬೇಕಲ್ಲ. ಮದುವೆಯಾಗಿ ಇಪ್ಪತ್ತು ವರ್ಷ ಅಡಿಗೆ, ಹಾಲು, ಕರೆಂಟ್ ಬಿಲ್ಲು ಇಷ್ಟರಲ್ಲೇ ನಮ್ಮ ಮಾತು ಮುಗಿಯುತ್ತಿತ್ತು.

ಕೊರೋನಾ ಮುಗಿದು ಕೆಲವು ವರ್ಷವಾಗಿತ್ತು. ಒಂದು ದಿನ ವಾಕಿಂಗ್‌ನಿಂದ ಬಂದ ಅತ್ತೆ ಚಪ್ಪಲಿ ಬಿಡುತ್ತಲೇ ಹೇಳಿದರು: ಹುಬ್ಬಳ್ಳಿಯ ಒಂದು ಆಸ್ಪತ್ರೆಯಲ್ಲಿ ಹೊಸ ಲಸಿಕೆಯ ಪರೀಕ್ಷೆ ನಡೆಸುತ್ತಿದ್ದಾರೆ, ವಯಸ್ಸಾದವರ ಎದೆಗೆ ಬರುವ ಸೋಂಕಿನದು, ಅರವತ್ತು ದಾಟಿದ ಗಟ್ಟಿಮುಟ್ಟಾದ ಜನ ಬೇಕಂತೆ, ತಾವು ಹೋಗುವವರಂತೆ. ನನ್ನ ಗಂಡ ಶ್ರೀನಿವಾಸ ತಿನ್ನುತ್ತಿದ್ದ ಅವಲಕ್ಕಿಯನ್ನು ಅಲ್ಲೇ ಬಿಟ್ಟ.

“ಅವ್ವಾ, ಅದನ್ನೆಲ್ಲಾ ಇಲಿ ಮ್ಯಾಲೆ ಮಾಡ್ತಾರ. ನಿನಗ್ಯಾಕ ಬೇಕು ಆ ಉಸಾಬರಿ?”

“ಇಲಿ ಮ್ಯಾಲೆ ಮಾಡಿ ಮುಗದದಂತ. ಈಗ ಮುದುಕೇರ ಸರದಿ” ಅಂದರು ಅತ್ತೆ. ಅವರು ತೀರ್ಮಾನಿಸಿದ ಮೇಲೆ ಬೇರೆಯವರ ಅಭಿಪ್ರಾಯ ಕೇಳುವ ಪದ್ಧತಿ ಇರಲಿಲ್ಲ. ಜೊತೆಗೆ ಹೋಗುವ ಕೆಲಸ ನನ್ನ ಪಾಲಿಗೆ ಬಂತು. ನಾನು ಜೀವಶಾಸ್ತ್ರದವಳು ಎಂಬುದು ಕಾರಣ. ಮಗನಿಗೆ ರಜೆ ಸಿಗುವುದಿಲ್ಲ ಎಂಬುದು ನಿಜವಾದ ಕಾರಣ.

ಬಸ್ಸಿನಲ್ಲಿ ಅವರು ಕಿಟಕಿಯ ಕಡೆ ಕೂತರು. ಮೃಗಶಿರಾ ಮಳೆ ಹಿಡಿದಿತ್ತು, ಗಾಜೆಲ್ಲ ಮಂಜಾಗಿತ್ತು. ಉಣಕಲ್ ಕೆರೆ ದಾಟುವಾಗ ಸೆರಗಿನಿಂದ ಗಾಜು ಒರೆಸಿ ನೀರು ನೋಡಿದರು. ಆಮೇಲೆ, “ಈ ಎಂಆರ್‌ಎನ್‌ಎ ಅಂದ್ರೇನು, ನನಗ ತಿಳಿಯೂಹಂಗ ಹೇಳು” ಅಂದರು. ಸತ್ತ ವೈರಾಣುವನ್ನು ಚುಚ್ಚುವುದಿಲ್ಲ, ಅದರ ಒಂದು ತುಣುಕನ್ನು ಹೇಗೆ ತಯಾರಿಸಬೇಕು ಎಂಬ ಸೂಚನೆಯನ್ನಷ್ಟೇ ಕಳಿಸುತ್ತಾರೆ, ನಮ್ಮ ಜೀವಕೋಶ ಅದನ್ನು ಓದಿ ತಾನೇ ತುಣುಕು ತಯಾರಿಸುತ್ತದೆ, ಸೂಚನೆ ಸ್ವಲ್ಪ ಹೊತ್ತಿಗೆ ಅಳಿಸಿಹೋಗುತ್ತದೆ, ಆದರೆ ತುಣುಕಿನ ಗುರುತು ಹಿಡಿದ ಮೈ ಮುಂದೆ ನಿಜವಾದ ವೈರಾಣು ಬಂದರೆ ತಡೆಯಲು ತಯಾರಾಗಿರುತ್ತದೆ ಎಂದು ವಿವರಿಸಿದೆ. ನನ್ನ ಕ್ಲಾಸಿನ ಹುಡುಗರಿಗಿಂತ ಲಕ್ಷ್ಯಗೊಟ್ಟು ಕೇಳಿದರು.

“ಅಂದ್ರ ನೀ ಒಳಗ ಅಡಗಿ ಮಾಡೂಮುಂದ ನಾ ಪಡಸಾಲಿಯಿಂದ ಹೇಳ್ತೀನಲ್ಲ, ಹಂಗ. ಹೇಳೂದು ನಂದು, ಮಾಡೂದು ನಿಂದು, ಹೇಳಿದ್ದು ನಾ ಮರತ ಬಿಡ್ತೀನಿ.”

“ಹಂಗ ಅನ್ರಿ” ಅಂದೆ. ನಗು ಬಂತು. ಅವರ ಎದುರಿಗೆ ನಾನು ನಕ್ಕದ್ದು ಕಡಿಮೆ.

ಆಸ್ಪತ್ರೆಯಲ್ಲಿ ಮೊದಲು ಒಪ್ಪಿಗೆ ಪತ್ರ. ಪುಟಗಟ್ಟಲೆ ಇತ್ತು. ಅತ್ತೆ ಕನ್ನಡಕ ಏರಿಸಿ ಒಂದು ಸಾಲೂ ಬಿಡದೆ ಓದಿದರು, ಓದುತ್ತ ಪೆನ್ನು ಕೇಳಿದರು. ಸಹಿ ಮಾಡುತ್ತಾರೆ ಅಂತ ಸಿಸ್ಟರ್ ಕೊಟ್ಟರೆ ವ್ಯಾಕರಣ ತಿದ್ದತೊಡಗಿದರು. “ಇದು ಯಾವ ಊರ ಕನ್ನಡ ಬರದೀರಿ? ನನ್ನ ಮೂರನೇ ಕ್ಲಾಸಿನ ಹುಡಿಗ್ಯಾರು ಇದಕ್ಕಿಂತ ಛಲೋ ಬರೀತಿದ್ರು.” ಆ ಸಿಸ್ಟರ್ ಮುಖ ಗಂಟಿಕ್ಕಲಿಲ್ಲ. “ಖರೇ ಅದರಿ ಬಾಯಾರ. ನನಗೂ ತಿಳಿಯಂಗಿಲ್ಲ, ಅದಕ್ಕ ಬಾಯಿಲೆ ಹೇಳ್ತೇನಿ ಬರ್ರಿ” ಎಂದು ಪಕ್ಕದಲ್ಲಿ ಕೂತು ಎಲ್ಲ ಹೇಳಿದರು. ಎರಡು ಸಲ ಸೂಜಿ, ನಡುನಡುವೆ ರಕ್ತ ಕೊಡಬೇಕು. ಕೆಲವರಿಗೆ ಲಸಿಕೆ, ಕೆಲವರಿಗೆ ಬರೀ ಉಪ್ಪುನೀರು. ಯಾರಿಗೆ ಯಾವುದು ಎಂದು ಚುಚ್ಚಿಸಿಕೊಂಡವರಿಗೂ ಗೊತ್ತಿರುವುದಿಲ್ಲ, ವಿಚಾರಿಸುವ ತಮಗೂ ಗೊತ್ತಿರುವುದಿಲ್ಲ. ಲಸಿಕೆಯಿಂದ ಯಾರಿಗಾದರೂ ತೊಂದರೆ ಆಗುತ್ತದೋ, ರಕ್ತದಲ್ಲಿ ತಡೆಯುವ ಶಕ್ತಿ ಹುಟ್ಟುತ್ತದೋ, ಇವೆರಡನ್ನೇ ನೋಡುವುದು. ಯಾವಾಗ ಬೇಕಾದರೂ ಬಿಟ್ಟು ಹೋಗಬಹುದು. ಇದೇ ಶಾಹೀನ್ ಸಿಸ್ಟರ್. ನನ್ನ ವಾರಿಗೆಯವರು, ಹಳೇ ಹುಬ್ಬಳ್ಳಿಯವರು.

“ಮದಲ ಪೂರ್ತಿ ಚೆಕ್ ಮಾಡ್ತೀರಲ್ಲ?” ಅತ್ತೆ ಕೇಳಿದರು. “ಮೈ ಎಲ್ಲಾ?”

“ಮಾಡ್ತೇವ್ರಿ.”

ಮಾಡಿದರು. ರಕ್ತ ತೆಗೆದರು, ಬಿಪಿ ನೋಡಿದರು. ಡಾಕ್ಟರು ಸೆರಗಿನ ಮೇಲಿನಿಂದ ಎದೆಗೆ ಸ್ಟೆತಸ್ಕೋಪ್ ಇಟ್ಟರು, ಬೆನ್ನಿಗೆ ಇಟ್ಟರು, ಮತ್ತೇನಾದರೂ ತೊಂದರೆ ಇದೆಯೇ ಎಂದು ಕೇಳಿದರು. ಅತ್ತೆ ಒಂದು ಕ್ಷಣ ಅವರ ಕೈಗಳನ್ನೇ ನೋಡಿ, “ಏನಿಲ್ರಿ, ಆರಾಮ” ಅಂದರು. ಎಲ್ಲ ಸರಿಯಿದೆ, ನಿಮ್ಮನ್ನು ತೆಗೆದುಕೊಳ್ಳುತ್ತೇವೆ ಎಂದು ಕೆಲವು ದಿನದ ಮೇಲೆ ಫೋನು ಬಂತು. ಗಟ್ಟಿಮುಟ್ಟಾಗಿದ್ದೀರಿ ಎಂದು ಸರ್ಟಿಫಿಕೇಟ್ ಸಿಕ್ಕಿದ ಮನುಷ್ಯರ ಮುಖ ಅಷ್ಟು ಸಪ್ಪಗಾದದ್ದನ್ನು ನಾನು ಅಂದೇ ನೋಡಿದ್ದು. ಇದೇನು ಹೊಸ ತಕರಾರು ಅಂದುಕೊಂಡು ನಾನು ನನ್ನ ಕೆಲಸಕ್ಕೆ ಹೋದೆ.

ಸೂಜಿಯ ದಿನಕ್ಕೆ ಹೊಸ ಕುಬಸ ಹೊಲಿಸಿಕೊಂಡಿದ್ದರು. ಎಡತೋಳು ಸಡಿಲ, ಬಿಚ್ಚಲು ಹುಕ್ಕು ಬೇರೆ. ಬಲತೋಳು ಎಂದಿನಂತೆ ಬಿಗಿ. ಎಡಗೈಗೆ ಚುಚ್ಚಿದರು. ಆಮೇಲೆ ಅರ್ಧ ತಾಸು ಪಕ್ಕದ ಕೋಣೆಯಲ್ಲಿ ಕೂತಿರಬೇಕು, ಏನಾದರೂ ಆದರೆ ನೋಡಲಿಕ್ಕೆ. ಗೋಡೆಯ ಮೇಲೆ ಸದ್ದಿಲ್ಲದ ಟಿವಿ, ಸಾಲು ಕುರ್ಚಿ, ಸ್ಪಿರಿಟಿನ ವಾಸನೆ, ಹೊರಗಿನ ಗಾಡಿಯಿಂದ ತರಿಸಿದ ಶುಂಠಿ ಚಹಾ. ಮನೆಯಲ್ಲಿದ್ದರೆ ಇಬ್ಬರೂ ಎದ್ದು ಬೇರೆ ಬೇರೆ ಕೋಣೆಗೆ ಹೋಗುತ್ತಿದ್ದೆವು. ಅಲ್ಲಿ ಏಳುವಂತಿರಲಿಲ್ಲ. ಮಾತಾಡದೆ ಬೇರೆ ದಾರಿ ಇರಲಿಲ್ಲ.

ಅತ್ತೆ ತಮ್ಮ ಮೊದಲ ನೌಕರಿಯ ಊರಾದ ಗರಗದ ಮಾತು ತೆಗೆದರು. ಹೊಸದಾಗಿ ಸೇರಿದ್ದು, ಒಂದೇ ಕೋಣೆಯ ಬಾಡಿಗೆ ಮನೆ, ಗೋಡೆಯ ಆಚೆ ಖಾದಿ ನೂಲುವ ಹೆಂಗಸು. ದಿನವಿಡೀ ಚರಕದ ಸದ್ದು. ಸಾಲಿಗೆ ಬರುವ ಹುಡುಗಿಯರ ತಲೆಯಲ್ಲಿ ಅರಳೆಯ ಎಳೆ. “ಒಮ್ಮೆ ಜ್ವರ ಬಂದು ಮ್ಯಾಲೆ ಏಳಲಾರದಂಗ ಆತು. ಚರಕ ನಿಲ್ಲಿಸಿ ಆಕಿ ಗ್ವಾಡಿ ಆಚಿಂದ ಕೇಳ್ಯಾಳ, ಬಾಯಾರ, ಆರಾಮ ಅದೀರೇನ್ರಿ ಅಂತ. ಆರಾಮ ಅಂದೆ. ಚರಕ ಮತ್ತ ಶುರು ಆತು.”

“ಜ್ವರ ಅದ ಅಂತ ಹೇಳಬೇಕಾಗಿತ್ತಲ್ರಿ?”

“ಹೇಳಿದ್ರ ಆಕಿ ಕೆಲಸ ಬಿಟ್ಟು ಬರಬೇಕಾಗ್ತಿತ್ತು” ಅಂದರು, ನಾನು ಕೇಳಬಾರದ್ದು ಕೇಳಿದೆ ಎಂಬಂತೆ.

ಅಂದು ರಾತ್ರಿ ಅತ್ತೆಯ ಮೈ ಸ್ವಲ್ಪ ಬೆಚ್ಚಗಾಯಿತು. ಮರುದಿನದಿಂದ ಒಂದು ವಾರ ಶಾಹೀನ್ ಸಿಸ್ಟರ್ ದಿನಾ ಫೋನು ಮಾಡಿದರು, ಮಧ್ಯಾಹ್ನದ ಚಹಾದ ಹೊತ್ತಿಗೆ. ಅತ್ತೆಗೆ ಫೋನಿನ ದನಿ ಸಾಲುತ್ತಿರಲಿಲ್ಲ, ಸ್ಪೀಕರಿಗೆ ಹಾಕುತ್ತಿದ್ದರು, ಅಡಿಗೆಮನೆಯಲ್ಲಿ ನನಗೆ ಎಲ್ಲ ಕೇಳುತ್ತಿತ್ತು. ಮೊದಲ ದಿನ ಅತ್ತೆಯದು ಎಂದಿನ ಉತ್ತರ. “ಆರಾಮ್ರಿ. ನೀವು ಆರಾಮ? ಮನ್ಯಾಗ ಎಲ್ಲಾರೂ?”

ಆಚೆಯಿಂದ ಸಿಸ್ಟರ್ ನಕ್ಕರು. “ಬಾಯಾರ, ನಮ್ಮ ಕಡೆ ಈ ಪರೀಕ್ಷಾ ಮಾಡೂದು ಎಷ್ಟು ಕಷ್ಟ ಐತಿ ಗೊತ್ತೇನ್ರಿ? ಜ್ವರದಾಗ ಗಡಗಡ ನಡುಗಾಕತ್ತವರೂ ಆರಾಮ ಅಂತಾರ, ಅಂದು ನನ್ನ ಯೋಗಕ್ಷೇಮ ಕೇಳ್ತಾರ. ನಾ ಆರಾಮ ಅಂತ ಬರಕೊಂಡ್ರ ಈ ಲಸಿಕಿಗೆ ಏನೂ ತೊಂದ್ರಿ ಇಲ್ಲ ಅಂತ ಆಗ್ತದ. ನಾಳೆ ಲಕ್ಷಗಟ್ಟಲೆ ಮಂದಿಗೆ ಕೊಡ್ತಾರ. ಅದಕ್ಕ ನಾ ಆರಾಮೇನ್ರಿ ಅಂತ ಕೇಳೂದಽ ಇಲ್ಲ. ಒಂದೊಂದು ಕೇಳ್ತೇನಿ. ನೀವು ಇಚಾರ ಮಾಡಿ ಹೇಳ್ರಿ. ನಾ ಕಾಯ್ತೇನಿ.”

ಹಾಗೆಯೇ ಕೇಳಿದರು. ಜ್ವರ ಬಂದಿದೆಯೇ, ತೋಳು ನೋಯುತ್ತದೆಯೇ, ಕೆಂಪಾಗಿದೆಯೇ, ತಲೆನೋವು, ಸುಸ್ತು, ಕೀಲುನೋವು, ಚಳಿ, ಕಂಕುಳಲ್ಲಿ ಗಂಟು ಅಥವಾ ಬಾವು. ಒಂದು ಪ್ರಶ್ನೆ ಕೇಳಿ ನಿಜವಾಗಿಯೂ ಕಾಯುತ್ತಿದ್ದರು. ಅತ್ತೆ ಮೊದಮೊದಲು ತಡವರಿಸಿದರು. ಎರಡು ದಿನ ಕಳೆಯುವಷ್ಟರಲ್ಲಿ ರುಚಿ ಹತ್ತಿತು. ತೋಳಿನ ನೋವು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ತಲೆಭಾರ ಊಟಕ್ಕೆ ಮೊದಲೋ ಆಮೇಲೋ ಎಂದು ಪಾಠ ಒಪ್ಪಿಸಿದಂತೆ ಹೇಳತೊಡಗಿದರು. ಚಹಾದ ಹೊತ್ತಾದರೆ ಸೆರಗು ಸರಿಮಾಡಿಕೊಂಡು ಫೋನಿನ ಮುಂದೆ ಕೂಡುತ್ತಿದ್ದರು. ಕಂಕುಳಿನ ಪ್ರಶ್ನೆಗೆ ಮಾತ್ರ ಪ್ರತಿದಿನ ತಡವಾಗಿ “ಇಲ್ಲ” ಬರುತ್ತಿತ್ತು. ಸಂಕೋಚ ಇರಬೇಕು ಅಂದುಕೊಂಡೆ.

ವಾರದ ಕೊನೆಯ ದಿನ ಮಳೆ ಜೋರಾಗಿತ್ತು. ನಾನು ಹಾಲು ಕಾಯಿಸಲು ಇಟ್ಟಿದ್ದೆ. ಸಿಸ್ಟರ್ ಕಂಕುಳಿನ ಪ್ರಶ್ನೆಗೆ ಬಂದರು. ಕೇಳಿ ಕಾದರು.

“ಹೂಂ. ಅದ” ಅಂದರು ಅತ್ತೆ.

“ಎಡಕ್ಕೇನ್ರಿ? ಸೂಜಿ ಮಾಡಿದ ಕಡೆ? ಈ ಲಸಿಕಿಗೆ ಅದು ಬರತದ, ಹೆದರಬ್ಯಾಡ್ರಿ, ಇಳೀತದ.”

“ಇಲ್ಲ. ಬಲಕ್ಕ.”

ನಾನು ಜೀವಶಾಸ್ತ್ರದವಳು. ಎಡಗೈಗೆ ಚುಚ್ಚಿದ ಲಸಿಕೆಗೆ ಬಲಗಡೆ ಗಂಟು ಏಳುವುದಿಲ್ಲ ಎಂದು ನನಗೆ ಯಾರೂ ಹೇಳಬೇಕಾಗಿರಲಿಲ್ಲ. ಸಿಸ್ಟರ್ ದನಿ ಬದಲಿಸದೆ ಮುಂದಿನದು ಕೇಳಿದರು, ನೋವಿದೆಯೇ, ಎಷ್ಟು ದೊಡ್ಡದಿದೆ. ನೋವಿಲ್ಲ ಅಂದರು ಅತ್ತೆ. “ಮದಲ ಕಡ್ಲಿಕಾಳ ಇದ್ದಂಗ ಇತ್ತು. ಈಗ ಸಣ್ಣ ಲಿಂಬಿಹಣ್ಣು.” ನಾಳೆಯೇ ಬನ್ನಿ ಅಂದರು ಸಿಸ್ಟರ್. ಫೋನಿಟ್ಟು ಅತ್ತೆ ಅಡಿಗೆಮನೆಯ ಬಾಗಿಲಿಗೆ ಬಂದರು. ನನ್ನ ಮುಖ ನೋಡಲಿಲ್ಲ, ಒಲೆ ನೋಡಿದರು.

“ಹಾಲು ಉಕ್ಕೇದ” ಅಂದರು.

ಮರುದಿನ ಶ್ರೀನಿವಾಸನಿಗೂ ರಜೆ ಸಿಕ್ಕಿತು. ಡಾಕ್ಟರು ಪರದೆಯ ಹಿಂದೆ ನೋಡಿ ಬಂದು ಕೈ ತೊಳೆದುಕೊಂಡು ನಮ್ಮೆದುರು ಕೂತರು. ಗಂಟಿನ ಬೇರು ಎದೆಯಲ್ಲಿದೆ ಅನಿಸುತ್ತದೆ, ತುಣುಕು ತೆಗೆದು ಪರೀಕ್ಷೆಗೆ ಕಳಿಸೋಣ ಅಂದರು. ಆಮೇಲೆ ಅತ್ತೆಯ ಕಡೆ ತಿರುಗಿ ಬಹಳ ಮೆತ್ತಗೆ ಕೇಳಿದರು: “ಬಾಯಾರ, ಇದು ಯಾವಾಗಿಂದ ಅದ? ಲಸಿಕಿ ತಗೊಂಡ ಮ್ಯಾಲೆ ಬಂದದ್ದೋ, ಮದಲಽ ಇತ್ತೋ? ನಾವು ಮ್ಯಾಲಿನವರಿಗೆ ತಿಳಸಬೇಕಾಗ್ತದ. ಇದರ ಮ್ಯಾಲೆ ಭಾಳ ನಿಂತದ.”

ಆಮೇಲೆ ಬಂದದ್ದು ಎಂದು ಹೇಳಿದ್ದರೆ ಅವರನ್ನು ಯಾರೂ ಅನ್ನುತ್ತಿರಲಿಲ್ಲ. ಮುಚ್ಚಿಟ್ಟ ಮಾತು ಮುಚ್ಚಿಯೇ ಹೋಗುತ್ತಿತ್ತು, ಲಸಿಕೆಯ ತಲೆಗೆ ಬರುತ್ತಿತ್ತು ಅಷ್ಟೆ. ಜೀವಮಾನವಿಡೀ ಹುಡುಗಿಯರಿಗೆ ಖರೇ ಹೇಳ್ರಿ ಎಂದು ಕಲಿಸಿದ ಹೆಂಗಸು ಬೆನ್ನು ನೆಟ್ಟಗೆ ಮಾಡಿಕೊಂಡು ಕೂತರು.

“ಹ್ವಾದ ದೀಪಾವಳಿಗೆ ಎಣ್ಣಿ ಹಚ್ಚಿಕೊಳ್ಳೂಮುಂದ ಕೈಗೆ ಸಿಕ್ತು. ಲಸಿಕಿಗೂ ಇದಕ್ಕೂ ಸಂಬಂಧ ಇಲ್ಲ. ಅದರ ಮ್ಯಾಲೆ ಅಪವಾದ ಹಾಕಬ್ಯಾಡ್ರಿ.” ಡಾಕ್ಟರ ಕೈಗಳನ್ನು ನೋಡುತ್ತ ಮುಂದುವರಿಸಿದರು. “ನೀವು ಪೂರ್ತಿ ಚೆಕ್ ಮಾಡ್ತೀರಿ ಅಂದ್ರಲ್ಲ, ಅದಕ್ಕಽ ಬಂದಿದ್ದೆ. ನಿಮ್ಮ ಕೈಗೆ ತಾನಽ ಸಿಗ್ತದ, ನಾ ಬಾಯಿಬಿಟ್ಟು ಹೇಳೂದು ತಪ್ಪತದ ಅಂದುಕೊಂಡಿದ್ದೆ. ಸಿಗಲಿಲ್ಲ. ಎಲ್ಲಾ ಸರಿ ಅದ ಅಂತ ನೀವಽ ಹೇಳಿದ ಮ್ಯಾಲೆ ನಾ ಹ್ಯಾಂಗ ಇಲ್ಲ ಅನ್ಲಿ?”

ಶ್ರೀನಿವಾಸ ಕುರ್ಚಿಯನ್ನು ಅವರ ಹತ್ತಿರಕ್ಕೆ ಎಳೆದುಕೊಂಡ. “ನಮಗರೆ ಹೇಳಬಾರದೇನವ್ವಾ?”

“ಯಾರು ಕೇಳಿದ್ರಪಾ?” ಸಿಟ್ಟಿರಲಿಲ್ಲ ದನಿಯಲ್ಲಿ. “ನೀ ದಿನಾ ಮುಂಜಾನೆ ಆರಾಮ ಅಂತ ಕೇಳ್ತಿದ್ದಿ. ಅದು ಕೇಳಿಧಂಗ ಅಲ್ಲ, ನಮಸ್ಕಾರ ಮಾಡಿಧಂಗ. ಈಕಿ,” ಎಂದು ಸಿಸ್ಟರ್ ಕಡೆ ಕೈ ತೋರಿಸಿದರು, “ಈಕಿ ಒಂದು ವಾರ ದಿನಾ ಕೇಳಿದ್ಲು. ಕಂಕಳಾಗ ಏನರೆ ಅದ ಏನು ಅಂತ. ನನ್ನ ಜನ್ಮದಾಗ ಯಾರೂ ಕೇಳಿದ್ದಿಲ್ಲ. ಎಷ್ಟು ದಿನ ಸುಳ್ಳು ಹೇಳ್ಲಿ?”

ಶಾಹೀನ್ ಸಿಸ್ಟರ್ ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡರು.

ತುಣುಕಿನ ಪರೀಕ್ಷೆ ನಮ್ಮ ಭಯವನ್ನೇ ಹೇಳಿತು, ಸ್ತನದ ಕ್ಯಾನ್ಸರ್. ಎರಡನೇ ಸೂಜಿ ಕೊಡುವುದಿಲ್ಲ ಅಂದರು, ಆದರೆ ಒಮ್ಮೆ ಸೇರಿದವರ ಯೋಗಕ್ಷೇಮ ಕೊನೆಯವರೆಗೆ ವಿಚಾರಿಸುತ್ತೇವೆ ಅಂದರು. ಆಪರೇಶನ್ ಆಯಿತು, ಬಲಕಂಕುಳಿನ ಗಂಟುಗಳನ್ನೂ ತೆಗೆದರು. ಬಲಗೈಯಿಂದ ಇನ್ನು ರಕ್ತ ತೆಗೆಯುವಂತಿಲ್ಲ. ಕೀಮೋ ಶುರುವಾಗುವ ಮೊದಲು ಅತ್ತೆ ಹೊಸ ಹಟ ಹಿಡಿದರು. ಲಸಿಕೆಯವರಿಗೆ ತಾವು ಕೊಡಬೇಕಾದ ರಕ್ತ ಬಾಕಿ ಇದೆ, ಅದನ್ನು ಕೊಟ್ಟೇ ಕೀಮೋಕ್ಕೆ ಕೂಡುವುದು. ಔಷಧ ಒಳಗೆ ಹೋದ ಮೇಲೆ ಈ ರಕ್ತ ಅವರಿಗೆ ಯಾವ ಉಪಯೋಗ? ನಿಮ್ಮದನ್ನು ಮುಖ್ಯ ಎಣಿಕೆಗೆ ತೆಗೆದುಕೊಳ್ಳಲಿಕ್ಕಿಲ್ಲ ಎಂದು ಡಾಕ್ಟರು ಪ್ರಾಮಾಣಿಕವಾಗಿ ಹೇಳಿದರು. “ತಗೋಳ್ರಿ ಬಿಡ್ರಿ, ಅದು ನಿಮಗ ಬಿಟ್ಟದ್ದು. ಕೊಡ್ತೀನಿ ಅಂತ ಸಹಿ ಮಾಡೀನಿ” ಎಂದು ಎಡಗೈ ಚಾಚಿದರು. ಅವರ ಮೈ ಲಸಿಕೆಯ ಆ ಸೂಚನೆ ಓದಿಕೊಂಡಿತ್ತೋ, ಅವರಿಗೆ ಸಿಕ್ಕಿದ್ದು ಬರೀ ಉಪ್ಪುನೀರೋ, ನನಗೆ ಇವತ್ತಿಗೂ ಗೊತ್ತಿಲ್ಲ. ಮೊದಲ ರಾತ್ರಿ ಮೈ ಬೆಚ್ಚಗಾಗಿದ್ದನ್ನು ಹಿಡಿದು, ತಮಗೆ ಸಿಕ್ಕಿದ್ದು ಅಸಲೀ ಮಾಲು ಎಂದು ಅವರು ಓಣಿಯವರಿಗೆಲ್ಲ ಹೇಳಿದ್ದರು.

ಆ ಮಳೆಗಾಲ ಬಸ್ಸಿನಲ್ಲೇ ಕಳೆಯಿತು ಅನ್ನಬೇಕು. ಕೀಮೋದ ದಿನ ಕಾರು ಮಾಡೋಣ ಅಂದರೆ ಅತ್ತೆ ಒಪ್ಪುತ್ತಿರಲಿಲ್ಲ, ಹೋಗುವಾಗ ಬಸ್ಸೇ ಬೇಕು, ಕಿಟಕಿಯೇ ಬೇಕು. ಉಣಕಲ್ ಕೆರೆ ಸಲದಿಂದ ಸಲಕ್ಕೆ ತುಂಬುವುದನ್ನು ಇಬ್ಬರೂ ನೋಡಿದೆವು. ಕೂದಲು ಉದುರಿದಾಗ ತಲೆಗೆ ಗರಗದ ಖಾದಿ ಪಂಜೆಯ ತುಂಡು ಸುತ್ತಿಕೊಂಡರು. ಬಾಯಿಗೆ ರುಚಿಯಿಲ್ಲದ ದಿನಗಳಲ್ಲೂ ಹುಬ್ಬಳ್ಳಿಯ ಹೊಸೂರಿನಲ್ಲಿ ಗಿರಮಿಟ್ ಗಾಡಿ ಕಂಡರೆ ಕತ್ತು ಹೊರಳುತ್ತಿತ್ತು. ಬ್ಯಾಡ್ರಿ ಅಂದರೆ, “ತಿನ್ನೂದಿಲ್ಲ, ವಾಸನಿ ತಗೋತೀನಿ” ಎಂದು ಗಾಡಿಯ ಹತ್ತಿರ ನಿಲ್ಲುತ್ತಿದ್ದರು. ಗಾಡಿಯವನು ಇವರಿಗೆ ಕೂಡಲು ಸ್ಟೂಲು ಕೊಡುವಷ್ಟು ಪರಿಚಯವಾಯಿತು. ಅವರ ನಗು ಎಂಥದು ಎಂದು ನಾನು ಆ ಮಳೆಗಾಲದಲ್ಲಿ ತಿಳಿದುಕೊಂಡೆ. ಆ ಕಷ್ಟ ಯಾರಿಗೂ ಬೇಡ, ಆದರೆ ಆ ದಿನಗಳು ಮತ್ತೆ ಬಂದರೆ ನಾನು ಬೇಡ ಅನ್ನಲಾರೆ.

ಮೊದಲ ವಾರ ದಿನಾ ಬರುತ್ತಿದ್ದ ಫೋನು ಆಮೇಲೆ ತಿಂಗಳಿಗೊಮ್ಮೆ ಬರುತ್ತಿತ್ತು. ಸಂಕ್ರಾಂತಿಯ ಹೊತ್ತಿಗೆ ಶಾಹೀನ್ ಸಿಸ್ಟರ್ ಕೊನೆಯ ಸಲ ಫೋನು ಮಾಡಿದರು. ಎಲ್ಲ ಕೇಳಿ ಮುಗಿಸಿ, “ಬಾಯಾರ, ನಮ್ಮ ಕಡಿಂದ ಇಷ್ಟರಿ. ಇನ್ನ ನಾ ಕೇಳೂದು ಇರಂಗಿಲ್ಲ” ಅಂದರು. ಅತ್ತೆ ಅವರಿಗೆ ಎಳ್ಳು-ಬೆಲ್ಲಕ್ಕೆ ಮನೆಗೆ ಬಾ ಅಂದರು. ಮರುದಿನ ಚಹಾದ ಹೊತ್ತಿಗೆ ನೋಡುತ್ತೇನೆ, ಸೆರಗು ಸರಿಮಾಡಿಕೊಂಡು, ಫೋನು ಮುಂದಿಟ್ಟುಕೊಂಡು ಸುಮ್ಮನೆ ಕೂತಿದ್ದಾರೆ. ಫೋನು ಬರುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಆದರೂ ಕೂತಿದ್ದರು.

ಅದರ ಮರುದಿನ ಬಿಡುವಿನ ಹೊತ್ತಿನಲ್ಲಿ ಕಾಲೇಜಿನ ಬೇವಿನ ಮರದ ಕೆಳಗೆ ನಿಂತು ಮನೆಗೆ ಫೋನು ಹಚ್ಚಿದೆ.

“ಕುಸುಮಾಬಾಯಾರೇನ್ರಿ? ಆಸ್ಪತ್ರಿಯಿಂದ ಮಾತಾಡ್ಲಿಕತ್ತೀನ್ರಿ. ಜ್ವರ ಏನರೆ ಬಂದದೇನ್ರಿ?”

ದನಿ ಗುರುತಿಸಿದ್ದರು, ಸಂಶಯವೇ ಇಲ್ಲ. ಆದರೂ ಗಂಭೀರವಾಗಿ, “ಇಲ್ರಿ. ಮುಂದಿಂದು ಕೇಳ್ರಿ” ಅಂದರು.

ಇಪ್ಪತ್ತು ವರ್ಷದಲ್ಲಿ ಅವರು ನನಗೆ ‘ರಿ’ ಹಚ್ಚಿ ಮಾತಾಡಿದ್ದು ಅದೇ ಮೊದಲು. ಅಂದಿನಿಂದ ಅದು ನಿತ್ಯದ ಆಟವಾಯಿತು. ಮನೆಯಲ್ಲಿ ಎದುರುಬದುರು ಹೇಳದ್ದನ್ನೆಲ್ಲ ಫೋನಿನಲ್ಲಿ ಹೇಳುತ್ತಿದ್ದರು. ಬೆರಳ ತುದಿಗಳು ಜುಮುಗುಡುತ್ತವೆ. ನಿದ್ದೆ ಬಾರದಾಗ ಹಳೆಯ ಹಾಜರಿ ಕರೆದುಕೊಳ್ಳುತ್ತಾರೆ, ಗರಗದ ಹುಡುಗಿಯರ ಹೆಸರು ಒಂದೂ ಮರೆತಿಲ್ಲ. ಕನ್ನಡಿ ನೋಡಲು ಬೇಜಾರು. “ಸೊಸಿ ಸಾರಿಗೆ ಉಪ್ಪು ಕಡಿಮಿ ಹಾಕ್ತಾಳ್ರಿ, ಅದೂ ಬರಕೋರಿ.” ಬರಕೊಂಡೆ ಅಂದೆ. ಒಂದು ದಿನ ಧೈರ್ಯ ಮಾಡಿ, ಪ್ರಶ್ನೆಗಳಲ್ಲಿ ಇಲ್ಲದ್ದನ್ನು ಕೇಳಿದೆ. “ನಿಮ್ಮ ಸೊಸಿ ಹ್ಯಾಂಗ ಇದ್ದಾಳ್ರಿ?”

“ಸಿಟ್ಟಿನಾಕಿ” ಅಂದರು. “ಆದ್ರ ಕೈ ತಣ್ಣಗ ಇರ್ತಾವ. ಜ್ವರ ಬಂದಾಗ ಹಣಿ ಮ್ಯಾಲೆ ಇಟ್ರ ಛಲೋ ಅನಸ್ತದ್ರಿ.”

ಆ ದಿನ ಮುಂದಿನ ಪೀರಿಯಡ್ಡಿಗೆ ಹೋಗಿ ಏನು ಪಾಠ ಮಾಡಿದೆ ಎಂದು ಹುಡುಗರನ್ನೇ ಕೇಳಬೇಕು.

ಬೇಸಿಗೆಯಲ್ಲಿ ಬೆನ್ನು ನೋಯುತ್ತದೆ ಅಂದರು. ಫೋನಿನಲ್ಲಿಯೇ ಅಂದದ್ದು. ಈ ಸಲ ಅವರು ತಡಮಾಡಲಿಲ್ಲ, ನಾವೂ ತಡಮಾಡಲಿಲ್ಲ, ರೋಗ ನಮ್ಮೆಲ್ಲರಿಗಿಂತ ಮುಂದಿತ್ತು. ಎಲುಬಿಗೆ ಇಳಿದಿತ್ತು, ಯಕೃತ್ತಿಗೂ ಮುಟ್ಟಿತ್ತು. ಡಾಕ್ಟರು ಇನ್ನು ಮನೆಯಲ್ಲೇ ಇರಲಿ ಅಂದರು. ನಾನು ಕಾಲೇಜಿಗೆ ರಜೆ ಹಾಕಿ ಅವರ ಹಾಸಿಗೆಯ ಪಕ್ಕದಲ್ಲಿ ಕೂತೆ. ಮತ್ತೆ ಮೃಗಶಿರಾ ಮಳೆ ಬಂತು. ಓಣಿಯ ಹಳೆಯ ಶಿಷ್ಯೆಯರು ಬಂದು ಬಾಗಿಲಲ್ಲಿ ನಿಂತು ಆರಾಮ ಅದೀರೇನ್ರಿ ಬಾಯಾರ ಎಂದು ಕೇಳಿ, ಆರಾಮ ಅನ್ನಿಸಿಕೊಂಡು, ಅತ್ತುಕೊಂಡು ಹೋಗುತ್ತಿದ್ದರು.

ಒಂದು ಮಧ್ಯಾಹ್ನ ನನ್ನನ್ನು ಹತ್ತಿರ ಕರೆದು ಹೊರಗೆ ಹೋಗು ಎಂದು ಕೈಸನ್ನೆ ಮಾಡಿದರು. ಏನು ಬೇಕ್ರಿ ಅಂದೆ. ದಿಂಬಿನ ಪಕ್ಕದ ಫೋನನ್ನು ಮುಟ್ಟಿ ತೋರಿಸಿದರು. ಅರ್ಥವಾಯಿತು. ಪಡಸಾಲೆಗೆ ಬಂದು, ಗೋಡೆಗೆ ಒರಗಿ ಕೂತು ಫೋನು ಹಚ್ಚಿದೆ. ಗೋಡೆಯ ಆಚೆ ಅದು ಬಾರಿಸುವುದು ಕೇಳಿಸಿತು.

“ಕುಸುಮಾಬಾಯಾರೇನ್ರಿ? ಜ್ವರ ಅದ ಏನ್ರಿ?”

“ನಂದು ಸಾಕಿನ್ನ” ಅಂದರು. ದನಿ ಸೋತಿತ್ತು, ಆಟದ ‘ರಿ’ ಇರಲಿಲ್ಲ. “ಇವತ್ತ ನಿಂದು ಹೇಳು ವೀಣಾ. ನಿದ್ದಿ ಬರ್ತದ?”

“ಇಲ್ರಿ.”

“ಊಟಾ?”

“ಸೇರೂದಿಲ್ಲ.”

“ಎಲ್ಲೆ ನೋಯ್ತದ?”

ಆರಾಮ ಅಂದುಬಿಡೋಣ ಅನಿಸಿತು. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆಚೆ ಅವರು ಕಾಯುತ್ತಿದ್ದರು. ಫೋನಿನಲ್ಲಿಯೂ ಗೋಡೆಯಲ್ಲಿಯೂ ಅವರ ಉಸಿರಾಟ ಕೇಳುತ್ತಿತ್ತು.

“ಅತ್ಯಾ, ನೀವು ಹ್ವಾದ ಮ್ಯಾಲೆ ನನಗ ಹಿಂಗ ಯಾರೂ ಕೇಳೂದಿಲ್ರಿ” ಅಂದೆ. ಹಾಗಂದವಳೇ ಸಣ್ಣ ಹುಡುಗಿಯ ಹಾಗೆ ಅತ್ತುಬಿಟ್ಟೆ.

ಅವರು ಅಳಬೇಡ ಅನ್ನಲಿಲ್ಲ. ಮುಗಿಯುವವರೆಗೂ ಕಾದರು. ಆಮೇಲೆ ಒಂದೊಂದೇ ಮಾತು ಆಯ್ದುಕೊಂಡು ಹೇಳಿದರು: “ಕೇಳ್ಲಿ ಅಂತ ಕಾಯಬ್ಯಾಡ. ನಾ ಕಾದು ಏನಾತು ನೋಡಿದಿಲ್ಲ. ನೀ ಹೇಳಿಬಿಡು.”

ಸಂಜೆ ಶ್ರೀನಿವಾಸ ಆಫೀಸಿನಿಂದ ಬಂದ. ಛತ್ರಿ ಮಡಚುತ್ತ ಎಂದಿನಂತೆ, “ಆರಾಮ?” ಅಂದ. ಇಲ್ಲ ಅಂದೆ. ಅವ್ವ ಹೋಗುತ್ತಾರೆಂದು ನನಗೆ ಭಯವಾಗುತ್ತದೆ, ರಾತ್ರಿಯೆಲ್ಲ ಎದೆ ಹೊಡೆದುಕೊಳ್ಳುತ್ತದೆ ಅಂದೆ. ಅವನು ಛತ್ರಿಯನ್ನು ಅಲ್ಲೇ ಬಿಟ್ಟು, ತೊಯ್ದ ಅಂಗಿಯಲ್ಲೇ ಹೊಸ್ತಿಲ ಮೇಲೆ ನನ್ನ ಪಕ್ಕದಲ್ಲಿ ಕೂತ. ತನಗೂ ಹಾಗೇ ಆಗುತ್ತದೆ ಎಂದು ಹೇಳಲು ಅವನಿಗೆ ಬಹಳ ಹೊತ್ತು ಹಿಡಿಯಿತು. ಒಳಗೆ ಅತ್ತೆ ಎಚ್ಚರವಿದ್ದರು, ಎಲ್ಲ ಕೇಳಿಸಿಕೊಳ್ಳುತ್ತಿದ್ದರು.